ಪಿ0171: ಸೆನ್ಸರ್ ಬದಲಿಸಿದ ಮೇಲೂ ಹತ್ತಿದ ಎಂಜಿನ್ ಲೈಟ್

ಪಕ್ಕದ ಮನೆ ಅಕ್ಕ ಗಾಡಿ ತಂದು ನಿಲ್ಲಿಸಿದಾಗ ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಲೈಟ್ ಇರಲೇ ಇಲ್ಲ. "ಬೆಳಿಗ್ಗೆವರೆಗೂ ಇತ್ತು. ನಿನ್ನ ಹತ್ರ ತರ್ತೀನಲ್ಲ ಅಂತ ಅಳಿಸಿಬಿಟ್ಟೆ" ಅಂದರು. ಗಾಡಿಯ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಕೋಡನ್ನು ಓದುವ, ಅಳಿಸುವ, ಮೊಬೈಲಿಗೆ ಜೋಡಿಸುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಅವರ ಹತ್ತಿರವೇ ಇತ್ತು.

"ಅಕ್ಕಾ, ಅಳಿಸೋಕೆ ಮುಂಚೆ ಏನಾದ್ರೂ ಬರೆದಿಟ್ಟುಕೊಂಡ್ರಾ?"

"ಕೋಡ್ ನೆನಪಿದೆಯಪ್ಪ. ಪಿ0171. ಮೂರು ಸಲ ಅಳಿಸಿದ್ದೀನಿ, ಮೂರು ಸಲವೂ ಅದೇ ಬಂದಿದೆ."

ಗಾಡಿಗೆ 11 ವರ್ಷ. 1.6 ಲೀಟರ್ ಪೆಟ್ರೋಲ್ ಎಂಜಿನ್, 4 ಸಿಲಿಂಡರ್. ಓಡಿದ್ದು 1,18,000 ಕಿಲೋಮೀಟರ್. ಓಡಿಸುವಾಗ ಏನೂ ತೊಂದರೆ ಇಲ್ಲ, ಪಿಕಪ್ ಚೆನ್ನಾಗಿದೆ, ಮೈಲೇಜ್ ಸ್ವಲ್ಪ ಇಳಿದಿರಬಹುದು ಅಂದರು. ನಿಂತಾಗ ಒಮ್ಮೊಮ್ಮೆ ಸ್ಟೇರಿಂಗ್ ಸಣ್ಣಗೆ ನಡುಗುತ್ತದಂತೆ. ಮೊದಲ ಸಲ ಲೈಟ್ ಹತ್ತಿದಾಗ ಒಂದು ಗ್ಯಾರೇಜಿಗೆ ಕೊಟ್ಟಿದ್ದರು. ಅಲ್ಲಿ ಕೋಡ್ ಓದಿ, ಹೊಗೆ ಹೋಗುವ ಪೈಪಿನಲ್ಲಿ ಮುಂದೆ ಕೂರುವ ಆಕ್ಸಿಜನ್ ಸೆನ್ಸರ್ ಬದಲಿಸಿದರು. ಒಂಬತ್ತು ದಿನಕ್ಕೆ ಲೈಟ್ ವಾಪಸ್ ಬಂತು. ಆಮೇಲೆ ಏರ್ ಫಿಲ್ಟರ್ ಬದಲಾಯಿತು. ಆಮೇಲೆ ಪೆಟ್ರೋಲ್ ಟ್ಯಾಂಕಿಗೆ ಒಂದು ಬಾಟಲಿ ಇಂಜೆಕ್ಟರ್ ಕ್ಲೀನರ್ ಸುರಿದದ್ದಾಯಿತು. ಲೈಟ್ ಮಾತ್ರ ಬರುತ್ತಲೇ ಇತ್ತು.

ಆಕ್ಸಿಜನ್ ಸೆನ್ಸರ್ ಅಗ್ಗದ ಸಾಮಾನಲ್ಲ. ಬೇಡದ ಸಾಮಾನಿಗೆ ದುಡ್ಡು ಹೋಗುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅದಕ್ಕೇ ಈ ಗಾಡಿಯ ಕಥೆಯನ್ನು ಪೂರ್ತಿ ಬರೆಯುತ್ತಿದ್ದೇನೆ.

ಕೋಡ್ ಹೇಳಿದ್ದು ಇಷ್ಟೇ

ಸ್ಟೇರಿಂಗ್ ಕೆಳಗೆ, ಡ್ಯಾಶ್‌ಬೋರ್ಡ್ ಅಡಿಯಲ್ಲಿ 16 ಪಿನ್ನಿನ ಒಂದು ಪೋರ್ಟ್ ಇರುತ್ತದೆ. ಅದು ಒಬಿಡಿ-2 ಪೋರ್ಟ್. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಇದು ಕಡ್ಡಾಯವಾಯಿತು, ಆಮೇಲೆ ಬೇರೆ ಕಡೆಗೂ ಹರಡಿತು. ಹೊಗೆಯಿಂದ ಆಗುವ ಮಾಲಿನ್ಯ ಹಿಡಿತದಲ್ಲಿರಲಿ ಅಂತ ಮಾಡಿದ ವ್ಯವಸ್ಥೆ ಇದು. ಹಾಗಾಗಿಯೇ ಗಾಡಿ ಚೆನ್ನಾಗಿ ಓಡುತ್ತಿದ್ದರೂ ಎಂಜಿನ್ ಲೈಟ್ ಹತ್ತಬಹುದು. ಓಡಿಸುವವರಿಗೆ ಗೊತ್ತಾಗುವ ಮೊದಲೇ ಕಂಪ್ಯೂಟರಿಗೆ ಗೊತ್ತಾಗಿರುತ್ತದೆ.

ಕೋಡಿನ ಮೊದಲಕ್ಷರ 'ಪಿ' ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಕಡೆಯದು. ಅದರ ಪಕ್ಕದ 0 ಅಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ ಇರುವ ಕೋಡ್. ಅಲ್ಲಿ 1 ಇದ್ದರೆ ಆ ಕಂಪನಿಯದೇ ಸ್ವಂತ ಕೋಡ್, ಅದರ ಅರ್ಥವನ್ನು ಅವರ ಪುಸ್ತಕದಲ್ಲೇ ನೋಡಬೇಕು. ಆಮೇಲಿನ 1 ಗಾಳಿ ಮತ್ತು ಇಂಧನದ ಅಳತೆಗೆ ಸೇರಿದ್ದು. ಪೂರ್ತಿ ಓದಿದರೆ ಪಿ0171 ಹೇಳುವುದು: ಬ್ಯಾಂಕ್ 1ರಲ್ಲಿ ಮಿಶ್ರಣ ಲೀನ್ ಆಗಿದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಬ್ಯಾಂಕ್ 1 ಅಂದರೆ 1ನೇ ಸಿಲಿಂಡರ್ ಇರುವ ಬದಿ. ಸಿಲಿಂಡರ್‌ಗಳೆಲ್ಲ ಒಂದೇ ಸಾಲಿನಲ್ಲಿರುವ ಇಂಥ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಇರುವುದೇ ಒಂದು ಬ್ಯಾಂಕ್.

ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಉರಿದ ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಅಂತ ಮುಂದಿನ ಸೆನ್ಸರ್ ನೋಡುತ್ತದೆ. ಜಾಸ್ತಿ ಉಳಿದಿದ್ದರೆ ಕಂಪ್ಯೂಟರ್ ಪೆಟ್ರೋಲ್ ಏರಿಸುತ್ತದೆ, ಕಡಿಮೆ ಇದ್ದರೆ ಇಳಿಸುತ್ತದೆ. ಈ ಏರಿಳಿತದ ಶೇಕಡಾ ಲೆಕ್ಕಕ್ಕೆ ಫ್ಯೂಯಲ್ ಟ್ರಿಮ್ ಅನ್ನುತ್ತಾರೆ. ಪ್ಲಸ್ ಅಂದರೆ ಪೆಟ್ರೋಲ್ ಏರಿಸಿದ್ದು, ಮೈನಸ್ ಅಂದರೆ ಇಳಿಸಿದ್ದು. ಆ ಕ್ಷಣದ ತಿದ್ದುಪಡಿ ಶಾರ್ಟ್ ಟರ್ಮ್ ಟ್ರಿಮ್, ಕಲಿತು ನೆನಪಿಟ್ಟುಕೊಂಡದ್ದು ಲಾಂಗ್ ಟರ್ಮ್ ಟ್ರಿಮ್. ಎರಡೂ ಸೇರಿ ಶೇ 10ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಎಷ್ಟು ಪೆಟ್ರೋಲ್ ಏರಿಸಿದರೂ ಸಾಲುತ್ತಿಲ್ಲ ಅನ್ನುವ ಮಿತಿ ಮುಟ್ಟಿದಾಗ ಪಿ0171 ಬೀಳುತ್ತದೆ.

ಅಂದರೆ ಸೆನ್ಸರ್ ಇಲ್ಲಿ ದೂರು ಕೊಟ್ಟಿದ್ದು. ದೂರು ಕೊಟ್ಟವನನ್ನೇ ತೆಗೆದು ಹೊಸಬನನ್ನು ಕೂರಿಸಿದರೆ ಅವನೂ ಅದೇ ದೂರು ಕೊಡುತ್ತಾನೆ, ಅಲ್ವಾ? ಒಂಬತ್ತೇ ದಿನದಲ್ಲಿ ಆದದ್ದೂ ಅದೇ.

ಅಳಿಸಿದಾಗ ಹೋಗಿದ್ದು

ಕೋಡ್ ಬಿದ್ದ ಕ್ಷಣದಲ್ಲಿ ಕಂಪ್ಯೂಟರ್ ಒಂದು ಫೋಟೋ ತೆಗೆದ ಹಾಗೆ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಎಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ಗಾಡಿಯ ವೇಗ ಎಷ್ಟು, ಕೂಲೆಂಟ್ ಎಷ್ಟು ಬಿಸಿ, ಟ್ರಿಮ್ ಎಷ್ಟು, ಎಂಜಿನ್ ಮೇಲೆ ಹೊರೆ ಎಷ್ಟು. ಇದಕ್ಕೆ ಫ್ರೀಜ್ ಫ್ರೇಮ್ ಅಂತ ಹೆಸರು. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ಎಷ್ಟೋ ಗಾಡಿಗಳಲ್ಲಿ ಕಲಿತ ಲಾಂಗ್ ಟರ್ಮ್ ಟ್ರಿಮ್ ಕೂಡ 0ಗೆ ಬರುತ್ತದೆ. ಅಕ್ಕನ ಗಾಡಿಯಲ್ಲೂ 0 ಇತ್ತು.

ಅವತ್ತು ಎಂಜಿನ್ ತಣ್ಣಗಿತ್ತು. ಸ್ಟಾರ್ಟ್ ಮಾಡಿ ಹತ್ತು ನಿಮಿಷ ನೋಡಿದೆ. ಟ್ರಿಮ್ ಎರಡೂ ಸೇರಿ ಪ್ಲಸ್ 9. ಸ್ವಲ್ಪ ಜಾಸ್ತಿ, ಆದರೆ ಕೋಡ್ ಬೀಳುವಷ್ಟಲ್ಲ. ನಡುಕವೂ ಇಲ್ಲ. ಇಷ್ಟರಲ್ಲೇ ಏನಾದರೂ ಒಂದನ್ನು ಊಹೆ ಮಾಡಿ ಬಿಚ್ಚುವುದು ನನಗೆ ಸರಿ ಅನ್ನಿಸಲಿಲ್ಲ.

"ಅಕ್ಕಾ, ಎರಡು ದಿನ ಎಂದಿನ ಹಾಗೆ ಓಡಿಸಿ. ಲೈಟ್ ಹತ್ತಿದರೆ ಮುಟ್ಟಬೇಡಿ, ಹಾಗೇ ತನ್ನಿ."

"ಹತ್ತಿದ ಮೇಲೂ ಓಡಿಸಬಹುದಾ?"

ಇದು ಎಲ್ಲರೂ ಕೇಳಬೇಕಾದ ಪ್ರಶ್ನೆ. ಲೈಟ್ ಸ್ಥಿರವಾಗಿ ಹತ್ತಿದ್ದರೆ, ಬಿಸಿಯ ಮುಳ್ಳು ಮತ್ತು ಆಯಿಲ್ ಲೈಟ್ ಸರಿಯಿದ್ದರೆ, ಮೆಲ್ಲಗೆ ಓಡಿಸಿಕೊಂಡು ಬರಬಹುದು. ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಮಾತ್ರ ಆಕ್ಸಿಲರೇಟರ್ ಬಿಟ್ಟು, ಸುರಕ್ಷಿತ ಜಾಗ ನೋಡಿ ನಿಲ್ಲಿಸಬೇಕು. ಆಗ ಎಂಜಿನ್ ಮಿಸ್ ಹೊಡೆಯುತ್ತಿರುತ್ತದೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಹೊಗೆಯ ಮಾಲಿನ್ಯ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಅದರ ಒಳಗಿನ ಜೇನುಗೂಡಿನಂಥ ಭಾಗ ಕರಗಿಹೋಗಬಹುದು. ಇದನ್ನು ಅಕ್ಕನಿಗೆ ಎರಡು ಸಲ ಹೇಳಿ ಕಳಿಸಿದೆ.

ಇಂಥ ಕೋಡ್ ಒಂದೇ ಸಲಕ್ಕೆ ಲೈಟ್ ಹತ್ತಿಸುವುದಿಲ್ಲ. ಮೊದಲ ಓಡಾಟದಲ್ಲಿ ತಪ್ಪು ಕಂಡರೆ ಪೆಂಡಿಂಗ್ ಅಂತ ಸುಮ್ನೆ ಗುರುತು ಹಾಕಿಕೊಳ್ಳುತ್ತದೆ. ಮುಂದಿನ ಓಡಾಟದಲ್ಲೂ ಕಂಡರೆ ಲೈಟ್ ಹತ್ತುತ್ತದೆ. ಎರಡನೇ ದಿನ ಸಂಜೆ ಅಕ್ಕ ಫೋನ್ ಮಾಡಿದರು: "ಬಂತಪ್ಪ. ಮುಟ್ಟಿಲ್ಲ."

2,460 ಸೆಕೆಂಡ್

ಫ್ರೀಜ್ ಫ್ರೇಮ್ ತೆರೆದೆ. ವೇಗ 0. ಆರ್‌ಪಿಎಂ 740. ಕೂಲೆಂಟ್ 97 ಡಿಗ್ರಿ. ಶಾರ್ಟ್ ಟರ್ಮ್ ಪ್ಲಸ್ 11, ಲಾಂಗ್ ಟರ್ಮ್ ಪ್ಲಸ್ 19. ಸ್ಟಾರ್ಟ್ ಆಗಿ ಕಳೆದ ಸಮಯ 2,460 ಸೆಕೆಂಡ್.

ಆ ಕೊನೆಯ ಸಾಲಿನ ಮೇಲೆ ನನ್ನ ಕಣ್ಣು ನಿಂತಿತು. 2,460 ಸೆಕೆಂಡ್ ಅಂದರೆ 41 ನಿಮಿಷ. ಗಾಡಿ ನಿಂತಿದೆ, ಎಂಜಿನ್ ಐಡ್ಲಿಂಗ್‌ನಲ್ಲಿದೆ, ಚೆನ್ನಾಗಿ ಕಾದಿದೆ. ಅಕ್ಕನನ್ನು ಕೇಳಿದೆ, ಹಿಂದಿನ ಸಲಗಳಲ್ಲಿ ಎಲ್ಲಿದ್ದಾಗ ಹತ್ತಿತ್ತು? ಅವರು ಯೋಚಿಸಿದರು. "ಹೈವೇಲಿ ಒಂದು ದಿನವೂ ಹತ್ತಿಲ್ಲ. ಟ್ರಾಫಿಕ್‌ನಲ್ಲಿ ತುಂಬಾ ಹೊತ್ತು ನಿಂತಾಗಲೇ." ಮೊದಲ ದಿನವೇ ಈ ಪ್ರಶ್ನೆ ಕೇಳಬೇಕಿತ್ತು. ಫ್ರೀಜ್ ಫ್ರೇಮ್ ಇಲ್ಲದಿದ್ದರೂ ಅರ್ಧ ಉತ್ತರ ಅವರ ಬಾಯಲ್ಲೇ ಇತ್ತು.

ಎಂಜಿನ್ ಬಿಸಿ ಇರುವಾಗಲೇ ಲೈವ್ ಡೇಟಾ ನೋಡಿದೆ. ಐಡ್ಲಿಂಗ್‌ನಲ್ಲಿ ಟ್ರಿಮ್ ಒಟ್ಟು ಪ್ಲಸ್ 28. ರೇಸ್ ಕೊಟ್ಟು 2,500 ಆರ್‌ಪಿಎಂನಲ್ಲಿ ಹಿಡಿದೆ. ಪ್ಲಸ್ 6ಕ್ಕೆ ಇಳಿಯಿತು. ಕಾಲು ತೆಗೆದೆ, ನಿಧಾನಕ್ಕೆ ಮತ್ತೆ 28.

ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ 1.5 ಗ್ರಾಂ ಗಾಳಿ ತೋರಿಸುತ್ತಿತ್ತು. 2,500ರಲ್ಲಿ ಸುಮಾರು 7 ಗ್ರಾಂ. ಈಗ ಸೆನ್ಸರ್ ದಾಟಿದ ಮೇಲೆ ಎಲ್ಲೋ ಒಂದು ಸಂದಿನಿಂದ ಸೆಕೆಂಡಿಗೆ 0.42 ಗ್ರಾಂ ಗಾಳಿ ಕದ್ದು ಒಳಗೆ ಬರುತ್ತಿದೆ ಅಂದುಕೊಳ್ಳಿ. 1.5ಕ್ಕೆ 0.42 ಅಂದರೆ ಶೇ 28. 7ಕ್ಕೆ 0.42 ಅಂದರೆ ಶೇ 6. ಎರಡೂ ಸಂಖ್ಯೆ ಕೂತವು! ಹೊರೆ ಇಲ್ಲದೆ ರೇಸ್ ಕೊಟ್ಟಾಗ, ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಮ್ಯಾನಿಫೋಲ್ಡ್ ಒಳಗಿನ ಎಳೆತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹಾಗಾಗಿ ಸಂದಿನಿಂದ ಬರುವ ಗಾಳಿಯೂ ಅಷ್ಟೇ. ಒಟ್ಟು ಗಾಳಿ ಹೆಚ್ಚಿದಂತೆ ಅದರ ಪಾಲು ಸಣ್ಣದಾಗುತ್ತದೆ.

ಲೆಕ್ಕ ಇದಕ್ಕೆ ತಿರುಗಾಮುರುಗಾ ಇದ್ದಿದ್ದರೆ, ಅಂದರೆ ಐಡ್ಲಿಂಗ್‌ನಲ್ಲಿ ಸರಿಯಿದ್ದು ಜೋರಾಗಿ ಓಡಿಸುವಾಗ ಟ್ರಿಮ್ ಏರಿದ್ದರೆ, ನಾನು ಫ್ಯೂಯಲ್ ಪಂಪ್, ಫಿಲ್ಟರ್ ಇಲ್ಲವೇ ಕೊಳೆ ಹಿಡಿದ ಏರ್‌ಫ್ಲೋ ಸೆನ್ಸರ್ ಕಡೆ ಹೋಗುತ್ತಿದ್ದೆ. ಒಂದು ಮಾತು ಇಲ್ಲಿ ಹೇಳಲೇಬೇಕು. ಎಲ್ಲ ಗಾಡಿಗಳೂ ಗಾಳಿಯನ್ನು ಹೀಗೆ ಅಳೆಯುವುದಿಲ್ಲ. ಕೆಲವು ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡಿ ಗಾಳಿಯನ್ನು ಲೆಕ್ಕ ಹಾಕುತ್ತವೆ. ಅವುಗಳಲ್ಲಿ ಗಾಳಿ ಸೋರಿದರೆ ಒತ್ತಡವೂ ಏರುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕ ಪೆಟ್ರೋಲನ್ನೂ ಕೊಡುತ್ತದೆ. ಅಲ್ಲಿ ಲೀನ್ ಕೋಡ್ ಬರುವ ಬದಲು ಐಡ್ಲಿಂಗ್ ಏರಿ ಕೂರುವುದೇ ಜಾಸ್ತಿ. ಹಾಗಾಗಿ ಟ್ರಿಮ್ ನೋಡುವ ಮೊದಲು ಗಾಡಿಯಲ್ಲಿ ಯಾವ ಸೆನ್ಸರ್ ಇದೆ ಅಂತ ತಿಳಿದುಕೊಳ್ಳಬೇಕು.

ಹೊಸ ಆಕ್ಸಿಜನ್ ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಅನ್ನುವುದನ್ನೂ ಖಚಿತ ಮಾಡಿಕೊಂಡೆ. ಆಕ್ಸಿಲರೇಟರ್ ಒಮ್ಮೆ ಜೋರಾಗಿ ಒತ್ತಿದಾಗ, ಪೆಟ್ರೋಲ್ ಜಾಸ್ತಿಯಾಗಿ, ಸೆನ್ಸರಿನ ವೋಲ್ಟೇಜ್ 0.8 ದಾಟಿತು, ಬಿಟ್ಟ ತಕ್ಷಣ 0.1ಕ್ಕೆ ಬಿತ್ತು. ಚುರುಕಾಗಿದೆ. ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಸೋರುತ್ತಿದ್ದರೂ ಹೊರಗಿನ ಗಾಳಿ ಸೇರಿ ಲೀನ್ ಅಂತ ತೋರಿಸಬಹುದು. ಆಗ ಎಂಜಿನ್‌ಗೆ ಬೇಡದ ಪೆಟ್ರೋಲ್ ಹೋಗಿ ಪ್ಲಗ್ ಕಪ್ಪಗಾಗಿರುತ್ತದೆ. ಒಂದು ಪ್ಲಗ್ ಬಿಚ್ಚಿ ನೋಡಿದೆ. ಮಸಿಯ ಸುಳಿವೇ ಇಲ್ಲ, ತುದಿ ಬಿಳಿಚಿಕೊಂಡಿತ್ತು. ಮಿಶ್ರಣ ನಿಜವಾಗಿಯೂ ಲೀನ್ ಆಗಿತ್ತು.

ಸಿಕ್ಕ ಮೊದಲ ತಪ್ಪು

ಬಾನೆಟ್ ಎತ್ತಿ ಏರ್ ಫಿಲ್ಟರ್ ಪೆಟ್ಟಿಗೆಯಿಂದ ಥ್ರಾಟಲ್‌ವರೆಗೆ (ಆಕ್ಸಿಲರೇಟರ್ ಒತ್ತಿದರೆ ತೆರೆಯುವ ಗಾಳಿಯ ಬಾಗಿಲು) ಹೋಗುವ ದಪ್ಪ ರಬ್ಬರ್ ಪೈಪ್ ಹಿಡಿದು ಅಲ್ಲಾಡಿಸಿದೆ. ಥ್ರಾಟಲ್ ಕಡೆಯ ಕ್ಲಿಪ್ ಸಡಿಲವಾಗಿತ್ತು. ಫಿಲ್ಟರ್ ಬದಲಿಸಿದಾಗ ಬಿಟ್ಟುಹೋಗಿರಬೇಕು. ಇದೂ ಸೆನ್ಸರ್ ದಾಟಿದ ಮೇಲಿನ ಜಾಗ. ಕ್ಲಿಪ್ ಬಿಗಿ ಮಾಡಿ ಟ್ರಿಮ್ ನೋಡಿದೆ. 28 ಇದ್ದದ್ದು 26 ಆಯಿತು.

ಇಂಥ ಹೊತ್ತಿನಲ್ಲೇ ಎಷ್ಟೋ ಗಾಡಿಗಳು ಅರ್ಧ ರಿಪೇರಿಯಾಗಿ ವಾಪಸ್ ಹೋಗುತ್ತವೆ. ಕಣ್ಣಿಗೆ ಕಾಣುವ ತಪ್ಪು ಸಿಕ್ಕಿದೆ, ಸರಿ ಮಾಡಿದ್ದೂ ಆಗಿದೆ. ಕೋಡ್ ಅಳಿಸಿ ಕಳಿಸಿದರೆ ಒಂದೆರಡು ದಿನ ಲೈಟ್ ಬರುವುದಿಲ್ಲ. ಆದರೆ 26 ಇನ್ನೂ 26ಏ. ಥ್ರಾಟಲ್‌ಗಿಂತ ಮುಂಚಿನ ಪೈಪ್‌ನಲ್ಲಿ ಎಳೆತ ತೀರಾ ಕಡಿಮೆ, ಅಲ್ಲಿಂದ ಇಷ್ಟು ಗಾಳಿ ಬರಲಾರದು. ಎಳೆತ ಜೋರಾಗಿರುವುದು ಥ್ರಾಟಲ್ ಆಚೆ, ಮ್ಯಾನಿಫೋಲ್ಡ್ ಕಡೆ. ಹುಡುಕಬೇಕಾದದ್ದು ಅಲ್ಲಿ.

ಕೆಲವರು ಎಂಜಿನ್ ಓಡುತ್ತಿರುವಾಗ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾದ ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತದೆ, ಆ ಸ್ಪ್ರೇಗೆ ಬೆಂಕಿ ಹತ್ತಿಕೊಳ್ಳುತ್ತದೆ. ನಾನು ಸ್ಮೋಕ್ ಮೆಷಿನ್ ಬಳಸುತ್ತೇನೆ. ಎಂಜಿನ್ ಆಫ್ ಮಾಡಿ, ಫಿಲ್ಟರ್ ಕಡೆಯ ಬಾಯಿ ಮುಚ್ಚಿ, ಮ್ಯಾನಿಫೋಲ್ಡ್‌ಗೆ ಸೇರುವ ಒಂದು ಸಣ್ಣ ಪೈಪಿನಿಂದ 1 ಪಿಎಸ್‌ಐಗೂ ಕಡಿಮೆ ಒತ್ತಡದಲ್ಲಿ ಹೊಗೆ ತುಂಬುವುದು. ಸಂದು ಇದ್ದ ಕಡೆ ಹೊಗೆ ಹೊರಗೆ ಬರುತ್ತದೆ.

ಅಷ್ಟರಲ್ಲಿ ಕತ್ತಲಾಗಿತ್ತು. ಗಾಡಿ ನನ್ನ ಹತ್ತಿರವೇ ಉಳಿಯಿತು. ಬೆಳಿಗ್ಗೆ ಎದ್ದು ಹೊಗೆ ಬಿಟ್ಟೆ. ಐದು ನಿಮಿಷ ಕಾದರೂ ಎಲ್ಲೂ ಏನೂ ಇಲ್ಲ. ಬ್ರೇಕ್ ಬೂಸ್ಟರ್ ಪೈಪ್, ಇಂಜೆಕ್ಟರ್ ಸೀಲ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಎಲ್ಲ ಕಡೆ ಟಾರ್ಚ್ ಹಾಕಿ ನೋಡಿದೆ. ಒಂದೆಳೆ ಹೊಗೆ ಕಾಣಲಿಲ್ಲ.

ಆಗ 2,460 ನೆನಪಾಯಿತು. ಮೊದಲ ದಿನ ತಣ್ಣಗಿದ್ದಾಗ ಟ್ರಿಮ್ ಬರೀ 9 ಇತ್ತು. ಬಿಸಿಯಾದಾಗ 28. ಅಂದರೆ ಆ ಸಂದು ತಣ್ಣಗಿರುವಾಗ ಬಹುಪಾಲು ಮುಚ್ಚಿಕೊಳ್ಳುತ್ತದೆ, ಕಾದಾಗ ಬಾಯಿ ಬಿಡುತ್ತದೆ. ನಾನು ಹೊಗೆ ಬಿಟ್ಟಿದ್ದು ತಣ್ಣಗಿನ ಎಂಜಿನ್‌ಗೆ.

ಗಾಡಿಯನ್ನು ಬಯಲಿಗೆ ತಂದು ಸ್ಟಾರ್ಟ್ ಮಾಡಿ 40 ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟೆ. 97 ಡಿಗ್ರಿಗೆ ಫ್ಯಾನ್ ತಿರುಗಿತು. ಸ್ಟೇರಿಂಗ್‌ನಲ್ಲಿ ಆ ಸಣ್ಣ ನಡುಕ ಶುರುವಾಯಿತು. ಆಫ್ ಮಾಡಿ ತಕ್ಷಣ ಹೊಗೆ ಬಿಟ್ಟೆ. ಮ್ಯಾನಿಫೋಲ್ಡ್ ಹಿಂದೆ, ಕೆಳಗಿನಿಂದ, ಊದುಬತ್ತಿಯಿಂದ ಏಳುವ ಹಾಗೆ ತೆಳ್ಳಗೆ ಒಂದು ಎಳೆ ಮೇಲೆ ಬಂತು.

ಉದ್ದ ಹಿಡಿಯ ಸಣ್ಣ ಕನ್ನಡಿ ಇಳಿಸಿ ನೋಡಿದೆ. ಪಿಸಿವಿ ಪೈಪ್. ಎಂಜಿನ್‌ನ ಕೆಳಹೊಟ್ಟೆಯಲ್ಲಿ ಸೇರುವ ಆವಿಯನ್ನು ಮತ್ತೆ ಮ್ಯಾನಿಫೋಲ್ಡ್‌ಗೆ ಎಳೆದು ಉರಿಸುವ ಪೈಪ್ ಅದು. ಒಳಗೆ ಸದಾ ಆಯಿಲ್ ಆವಿ, ಹೊರಗೆ ಎಂಜಿನ್ ಶಾಖ. ವರ್ಷಗಟ್ಟಲೆ ಹೀಗಿದ್ದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಮೊಣಕೈಯಂತೆ ಬಾಗಿದ ಕಡೆ, ಕೆಳಮುಖದಲ್ಲಿ ಸುಮಾರು ಎರಡು ಸೆಂಟಿಮೀಟರ್ ಸೀಳು. ಮೇಲಿನಿಂದ ನೋಡಿದರೆ ಪೈಪ್ ಸರಿಯಾಗೇ ಇತ್ತು, ಹೊಳೆಯುತ್ತಿತ್ತು ಕೂಡ. ಬೆರಳಿನಿಂದ ಒತ್ತಿದರೆ ನೆನೆದ ಚರ್ಮದಂತೆ ಒಳಗೆ ಹೋಗುತ್ತಿತ್ತು, ತುಟಿ ತೆರೆದ ಹಾಗೆ ಸೀಳು ತೆರೆಯುತ್ತಿತ್ತು.

ಸೀಳು ಸಿಕ್ಕಿತು ಅಂದ ಮಾತ್ರಕ್ಕೆ ಅದೇ ಪೂರ್ತಿ ಕಾರಣ ಅನ್ನುವಂತಿಲ್ಲ. ಕ್ಲಿಪ್ ವಿಷಯದಲ್ಲಿ ಅದನ್ನು ಆಗಲೇ ನೋಡಿದ್ದೆ. ಎಂಜಿನ್ ಸ್ಟಾರ್ಟ್ ಮಾಡಿ, ಬಟ್ಟೆ ಸುತ್ತಿದ ಇಕ್ಕಳದಿಂದ ಆ ಪೈಪನ್ನು ಮ್ಯಾನಿಫೋಲ್ಡ್ ಹತ್ತಿರ ಹಿಸುಕಿ ಹಿಡಿದೆ. ಹೇಗೂ ಬಿಸಾಡುವ ಪೈಪ್. ನಡುಕ ನಿಂತಿತು. ಶಾರ್ಟ್ ಟರ್ಮ್ ಟ್ರಿಮ್ ಇಳಿಯುತ್ತಾ ಹೋಗಿ ಮೈನಸ್ 15ರಲ್ಲಿ ನಿಂತಿತು. ಲಾಂಗ್ ಟರ್ಮ್ ಇನ್ನೂ ಪ್ಲಸ್ 19. ಒಟ್ಟು ಪ್ಲಸ್ 4. ಬೇರೆ ಸಂದು ಹುಡುಕುವ ಅಗತ್ಯ ಇರಲಿಲ್ಲ.

ಹೊಸ ಪೈಪ್ ಹಾಕಿದ ಮೇಲೆ

ಪೈಪ್ ಜೊತೆಗೆ ಪಿಸಿವಿ ವಾಲ್ವ್ ಕೂಡ ಬದಲಿಸಿದೆ. ಹಳೆಯದು ಅಲ್ಲಾಡಿಸಿದರೆ ಟಕಟಕ ಅನ್ನುತ್ತಿರಲಿಲ್ಲ, ಜಿಗುಟು ಹಿಡಿದಿತ್ತು. ಅಲ್ಲಿಗೆ ಮತ್ತೆ ಕೈ ಹಾಕುವುದೇ ಕಷ್ಟ, ಒಂದೇ ಸಲಕ್ಕೆ ಮುಗಿಸುವುದು ಒಳ್ಳೆಯದು. ಇಡೀ ಕೆಲಸಕ್ಕೆ ಹಿಡಿದದ್ದು ಒಂದು ಗಂಟೆಗೂ ಕಡಿಮೆ.

ಕೋಡನ್ನು ತಕ್ಷಣ ಅಳಿಸಲಿಲ್ಲ. ಕಂಪ್ಯೂಟರ್ ತಾನು ಕಲಿತ ಪ್ಲಸ್ 19ನ್ನು ಬಿಡುವುದನ್ನು ಕಣ್ಣಾರೆ ನೋಡಬೇಕಿತ್ತು. ಸ್ಟಾರ್ಟ್ ಆಗಿ ಬಿಸಿಯಾಗುತ್ತಿದ್ದಂತೆ ಶಾರ್ಟ್ ಟರ್ಮ್ ಮೈನಸ್ 17ಕ್ಕೆ ಹೋಯಿತು. ಹಳೆಯ ಅಭ್ಯಾಸದಲ್ಲಿ ಜಾಸ್ತಿ ಪೆಟ್ರೋಲ್ ಸುರಿಯುತ್ತಿದೆ, ಅದನ್ನು ಈ ಕಡೆಯಿಂದ ಹಿಂದಕ್ಕೆ ಎಳೆಯುತ್ತಿದೆ. ಆಮೇಲೆ ಲಾಂಗ್ ಟರ್ಮ್ ಒಂದೊಂದೇ ಮೆಟ್ಟಿಲು ಇಳಿಯಿತು. 19, 16, 12, 7. ಶಾರ್ಟ್ ಟರ್ಮ್ ಅಷ್ಟಷ್ಟೇ 0 ಕಡೆಗೆ ಏರಿತು. ಅರ್ಧ ಗಂಟೆಯಲ್ಲಿ ಎರಡೂ ಸೇರಿ ಪ್ಲಸ್ 2. ಏರ್‌ಫ್ಲೋ ಸೆನ್ಸರ್ 1.5ರ ಬದಲು 1.9 ತೋರಿಸಿತು. ಕದ್ದು ಬರುತ್ತಿದ್ದ ಆ 0.4 ಗ್ರಾಂ ಈಗ ಬಾಗಿಲಿನಿಂದಲೇ ಬರುತ್ತಿತ್ತು.

ಲೈಟನ್ನು ಕೈಯಾರೆ ಆರಿಸಬೇಕಾಗಿಲ್ಲ. ತಪ್ಪು ಕಾಣದೆ ಮೂರು ಓಡಾಟ ಸತತವಾಗಿ ಮುಗಿದರೆ ತಾನೇ ಆರುತ್ತದೆ. ಇಂಧನದ ಕೋಡ್ ಮತ್ತು ಮಿಸ್‌ಫೈರ್ ಕೋಡ್‌ಗಳಿಗೆ ಇನ್ನೊಂದು ಷರತ್ತಿದೆ. ಮೊದಲು ಕೋಡ್ ಬಿದ್ದಂಥದೇ ಪರಿಸ್ಥಿತಿಯಲ್ಲಿ ಎಂಜಿನ್ ಓಡಿರಬೇಕು, ಆಗಲೂ ತಪ್ಪು ಕಾಣಬಾರದು. ಅದಕ್ಕೇ ಅಕ್ಕನಿಗೆ ಹೇಳಿದೆ, ಎಂದಿನ ದಾರಿಯಲ್ಲೇ ಹೋಗಿ, ಟ್ರಾಫಿಕ್ ತಪ್ಪಿಸಬೇಡಿ. ಅಳಿಸಿಬಿಟ್ಟಿದ್ದರೆ ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್ ಮುಂತಾದವನ್ನು ಗಾಡಿ ತಾನೇ ಪರೀಕ್ಷಿಸಿಕೊಂಡ ದಾಖಲೆಯೂ ಹೋಗುತ್ತಿತ್ತು, ಎಲ್ಲ ಮೊದಲಿನಿಂದ ಶುರುವಾಗಬೇಕಿತ್ತು.

ನಾಲ್ಕನೇ ದಿನ ಲೈಟ್ ತಾನಾಗಿ ಆರಿತು. ಮೂರು ವಾರದ ಮೇಲೆ, ಮುಕ್ಕಾಲು ಗಂಟೆ ಟ್ರಾಫಿಕ್‌ನಲ್ಲಿ ನಿಂತು ಬಂದ ಒಂದು ಸಂಜೆ, ಅಕ್ಕ ಗಾಡಿ ಆಫ್ ಮಾಡದೆ ನೇರ ನನ್ನ ಬಾಗಿಲಿಗೆ ತಂದರು. ಕೂಲೆಂಟ್ 96 ಡಿಗ್ರಿ, ಟ್ರಿಮ್ ಒಟ್ಟು ಪ್ಲಸ್ 3, ಪೆಂಡಿಂಗ್ ಕೋಡ್ ಯಾವುದೂ ಇಲ್ಲ. ಬಿಚ್ಚಿದ ಹಳೆಯ ಆಕ್ಸಿಜನ್ ಸೆನ್ಸರನ್ನು ಆ ಗ್ಯಾರೇಜಿನವರು ಡಬ್ಬಿಯಲ್ಲಿ ಹಾಕಿ ಅವರಿಗೇ ಕೊಟ್ಟಿದ್ದರಂತೆ, ಅದನ್ನೂ ತಂದಿದ್ದರು. ಅವರ ಸಮಾಧಾನಕ್ಕೆ ಅದನ್ನೇ ಹಾಕಿ ಓಡಿಸಿ ನೋಡಿದೆ. 0.1ರಿಂದ 0.8ಕ್ಕೆ, 0.8ರಿಂದ 0.1ಕ್ಕೆ, ಹೊಸದರಷ್ಟೇ ಚುರುಕಾಗಿ ಓಡಾಡುತ್ತಿತ್ತು.